ಹೊಸ್ತಿಲು ಎಲ್ಲಿಟ್ಟೆ

ಒಲೆ ಆರಿದೆ. ಬೇಸಿನ್ನಿನ ನೀರು ತಣ್ಣಗಾಗಿದೆ.
ಬೆಂದ ಹುಳುವಿನ ವಾಸನೆ ಮಾತ್ರ
ಲೆಕ್ಕದ ಕೋಣೆಯ ಕಿಟಕಿ ಬಟ್ಟೆಗೂ ಕೂತಿದೆ, ಎಷ್ಟು ಒಗೆದರೂ.
ಶಿಡ್ಲಘಟ್ಟದಲ್ಲಿ ಇದನ್ನು ಯಾರೂ ವಾಸನೆ ಅನ್ನುವುದಿಲ್ಲ,
ಕೆಲಸ ಅನ್ನುತ್ತಾರೆ.

ನನ್ನ ಹತ್ತಿರ ಕಂಪ್ಯೂಟರಿಲ್ಲ. ಡಬ್ಬಿಯೊಂದಿದೆ:
ಚಿಂತಾಮಣಿಯ ಗುಜರಿಯಲ್ಲಿ ಆರುನೂರಕ್ಕೆ ಸಿಕ್ಕ ಡಿಸ್ಕು,
ಮೇಲೊಂದು ಪ್ಲಾಸ್ಟಿಕ್ ಚಿಪ್ಪು, ಗಿಡ್ಡ ಬಾಲದಂಥ ವೈರು.
ಅದರೊಳಗೇ ಒಂದು ಇಡೀ ವ್ಯವಸ್ಥೆ ಕೂರಿಸಿಬಿಟ್ಟರೆ
ಹಗಲು ಸಾಬರ ಯಂತ್ರಕ್ಕೆ, ಸಂಜೆ ಟ್ಯೂಷನ್ ಮೇಡಮ್ಮಿನದಕ್ಕೆ
ಚುಚ್ಚಿದರಾಯಿತು. ನನ್ನದೇ ಅಕ್ಷರ, ನನ್ನದೇ ಗೋಡೆಯ ಬಣ್ಣ.
ಕಿತ್ತರೆ, ಬಂದಿದ್ದೆನೆಂಬ ಗುರುತೂ ಉಳಿಯಬಾರದು.
ಹಾಗಂದುಕೊಂಡಿದ್ದೆ.

ಪೆನ್‌ಡ್ರೈವಿನಿಂದ ಎಬ್ಬಿಸಿದೆ.
ಭಾಷೆ ಕೇಳಿತು: ಕನ್ನಡ.
ಊರು ಕೇಳಿತು: ಪಟ್ಟಿಯಲ್ಲಿ ನಮ್ಮೂರಿಲ್ಲ, ಕೋಲ್ಕತ್ತ ಒತ್ತಿದೆ.
ಯಾವ ಡಿಸ್ಕು? ಕೇಳಿತು.

ಇಲ್ಲಿ ಕೈ ನಿಂತಿತು.
ಎರಡು ಸಾಲು, ಒಂದೇ ಮುಖ, ಕೊನೆಯಕ್ಷರ ಮಾತ್ರ ಬೇರೆ.
ಒಂದರಲ್ಲಿ ದಸ್ತಗೀರ್ ಸಾಬರ ಹನ್ನೊಂದು ವರ್ಷ:
ಲಾಟು ನಂಬರು, ಬಟವಾಡೆ ಪಟ್ಟಿ, ಕೊಡಬೇಕಾದವರು, ಕೊಡದವರು,
ತೀರಿಹೋದ ಬೀಬಿಯ ನಾಲ್ಕೇ ನಾಲ್ಕು ಫೋಟೊ.
ಇನ್ನೊಂದರಲ್ಲಿ ಏನೂ ಇಲ್ಲ.
"ಇದರಲ್ಲಿರುವುದೆಲ್ಲ ಅಳಿಯುತ್ತದೆ. ಮುಂದುವರಿಯಲೆ?"
ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗೆ ಜೀವ ಇದೆಯೇ ಎಂದು ಕೇಳುತ್ತಾರಲ್ಲ,
ಹಾಗೆ ಕೇಳಿಸಿಕೊಂಡೆ.
ಐನೂರು ಜಿಬಿ ಅವರದು. ನೂರಿಪ್ಪತ್ತು ನನ್ನದು.
ಮೂರು ಸಲ ಓದಿ ಒತ್ತಿದೆ.

ಮೇಲಿನ ಸಾಲನ್ನು ಮೂರು ಸಲ ಓದಿದವಳು
ಕೆಳಗಿನ ಸಣ್ಣ ಸಾಲು ಓದಲಿಲ್ಲ:
ಎಬ್ಬಿಸುವವನನ್ನು ಎಲ್ಲಿ ನಿಲ್ಲಿಸಲಿ?

ಹಣ್ಣಾದ ಹುಳು ಚಂದ್ರಿಕೆಯ ಮೇಲೆ ತಲೆ ತೂಗಿದಂತೆ
ಪಟ್ಟಿ ತೂಗಿ ತೂಗಿ ಮುಂದೆ ಹೋಯಿತು. ನಲವತ್ತು ನಿಮಿಷ.
ಅಮ್ಮನ ಫೋನು: "ಇಂಕಾ ರಾಲೇದೇಮೇ?"
"ಬಂದೆ" ಅಂದೆ.
ನಮ್ಮ ಮನೆ ಹೀಗೇ, ಪ್ರಶ್ನೆ ತೆಲುಗು, ಉತ್ತರ ಕನ್ನಡ;
ಒಂದೇ ಯಂತ್ರದಲ್ಲಿ ಎರಡು, ಯಾರೂ ಯಾರನ್ನೂ ಅಳಿಸಿಲ್ಲ.

ಬೆಳಿಗ್ಗೆ ಏಳೂವರೆಗೆ ಸಾಬರು:
"ಮುನಿಲಕ್ಷ್ಮೀ, ಲೈಟು ಬರ್ತದೆ, ಫ್ಯಾನು ತಿರುಗ್ತದೆ,
ಕಪ್ಪಲ್ಲಿ ಒಂದು ಸಾಲು ನಿಂತು ಕಣ್ಣು ಹೊಡೀತದೆ ಅಷ್ಟೇ."
ಓಡಿದೆ. ಡಬ್ಬಿ ಚುಚ್ಚಿದೆ. ಎದ್ದಿತು.
ಮೊದಲ ಸಾಲಿನಲ್ಲಿ ನನ್ನದು,
ಕೆಳಗೆ, ಬಾಡಿಗೆಗೆ ಬಂದವರ ಹಾಗೆ, ಅವರದು.

ಆಗ ಗೊತ್ತಾಯಿತು.
ಮನೆಯನ್ನು ನನ್ನ ಜಾಗದಲ್ಲೇ ಕಟ್ಟಿದ್ದೆ,
ಹೊಸ್ತಿಲು ಮಾತ್ರ ಅವರ ಮನೆಗೆ ಇಟ್ಟಿದ್ದೆ,
ಅವರ ಹಳೇ ಹೊಸ್ತಿಲು ಕಿತ್ತು.
ರಾತ್ರಿ ನನ್ನ ಮನೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ;
ಹನ್ನೊಂದು ವರ್ಷ ಒಳಗೇ ಇತ್ತು, ಒಂದೂ ಅಳಿದಿರಲಿಲ್ಲ,
ಒಳಗೆ ಹೋಗಲು ದಾರಿಯಿರಲಿಲ್ಲ.

ಹೇಳಿದೆ. ಬಯ್ಯಲಿಲ್ಲ, ಟೀ ತರಿಸಿದರು.
"ಹಂಗಾದ್ರೆ ಅದು ಇಲ್ಲೇ ಇರ್ಲಿ ಬಿಡು ಬೇಟಾ,
ನೀನು ರಜ ಹಾಕೋದೂ ತಪ್ತದೆ."
ನಕ್ಕರು. ನಗುವಿನಲ್ಲಿ ಅರ್ಧ ನಿಜವಿತ್ತು.
ಇಡೀ ದಿನ ಡಬ್ಬಿ ಗೂಟಕ್ಕೆ ಕಟ್ಟಿದ ಮೇಕೆಮರಿಯಂತೆ
ಟೇಬಲ್ಲಿನ ಮೇಲೆ. ನಾನೂ.

ಸಂಜೆ ಹಳೇ ಸೀಡಿಯೊಂದನ್ನು ಹುಡುಕಿ, ಎರಡು ಸಾಲು ಬರೆದು,
ಅವರ ಹೊಸ್ತಿಲು ಅವರಿಗೆ ಕೂರಿಸಿದೆ, ನನ್ನದು ನನಗೆ.
ಡಬ್ಬಿ ಕಿತ್ತು, ಉಸಿರು ಹಿಡಿದು, ಗುಂಡಿ ಒತ್ತಿದೆ.
ಪರದೆಯ ತುಂಬ ಬೀಬಿ, ನಂದಿಬೆಟ್ಟದ ಮೆಟ್ಟಿಲ ಮೇಲೆ,
ಬಿಸಿಲಿಗೆ ಕಣ್ಣು ಕಿರಿದು ಮಾಡಿ.

ಹೊರಡುವಾಗ ಬಾಗಿಲ ಹತ್ತಿರ ತೂತುಗೂಡಿನ ಬುಟ್ಟಿ.
ಚಿಟ್ಟೆ ಹೋದ ಗೂಡಿನಲ್ಲಿ ಎಳೆ ಬಿಚ್ಚುವುದಿಲ್ಲ,
ತೂಕಕ್ಕೆ ಹಾಕುತ್ತಾರೆ, ಬಂದಷ್ಟು ಬರಲಿ ಎಂದು.
ಒಂದನ್ನೆತ್ತಿ ನೋಡಿದೆ. ತೂತು ದುಂಡಗಿತ್ತು, ಅಂಚು ಇನ್ನೂ ಒದ್ದೆ.
ಬುಟ್ಟಿಗೇ ಹಾಕಿದೆ.
ಬ್ಯಾಗಿನಲ್ಲಿ ಡಬ್ಬಿ ಬೆಚ್ಚಗಿತ್ತು.