ಉಣ್ಣಿ ಹಿಂಜೋ ದಿನ

ಉಮದಿ ದಾಟಿ ನಮ್ಮ ವಸ್ತಿ. ಬೇವಿನ ನೆರಳು ಜರಗಿದಂಗ
ಗೋಣಿತಾಟು ಜರಗಿಸಿಕೋತ ಕುಂತೀವಿ, ನಾನು, ಅತ್ತಿ ಜಕ್ಕವ್ವ.
ನಡುವ ನಿನ್ನೆ ಕತ್ತರಿಸಿದ ಕರಿ ಉಣ್ಣಿ,
ಕುರಿ ಎದ್ದು ಹೋದ್ರೂ ಕುಂತಲ್ಲೇ ಕುಂತ ಕುರಿಯಂಗ.
ಈ ಸಲ ಹಳ್ಳದಾಗ ನೀರಿರಲಿಲ್ಲ,
ಮೈ ತೊಳೀದನ ಕತ್ತರಿ ಹಾಕಿದ್ರು.
ಜಿಡ್ಡು, ಧೂಳು, ದಾರಿ, ಎಲ್ಲಾ ಹಂಗ ಅದ.

ನಮ್ಮ ಬಾಯಾಗ ಉಣ್ಣೆಗೂ ಉಣ್ಣಿ,
ರಕ್ತ ಹೀರೋ ಹುಳಕ್ಕೂ ಉಣ್ಣಿ.
ಒಂದ ಮೈಮ್ಯಾಲ ಬದುಕತಾವು,
ಒಂದ ಹೆಸರಾಗ ಇರಲಿ ಬಿಡು ಅಂತಾಳ ಅತ್ತಿ.
ಮರಾಠಿ ಸಾಲಿಗೆ ಹೋಗೋ ನನ್ನ ಮಗಳು
ಇದಕ್ಕ 'ಲೋಕರ' ಅಂತಾಳ.
ಹೌದು ತಂಗಿ, ಲೋಕರದ್ದ ಇದು,
ನಮ್ಮ ಪಾಲಿಂದು ಹಿಕ್ಕಿ.

ಮದಲ ಬ್ಯಾರೆ ಮಾಡಬೇಕು.
ಹೊಟ್ಟಿ ಕೆಳಗಿಂದು ಬೇವಿನ ಬುಡಕ್ಕ.
ತೊಡಿದು ಒರಟು, ಹಗ್ಗಕ್ಕ ಇರಲಿ.
ಬೆನ್ನಿಂದು ಬಿಸಿಲಿಗೆ ಕೆಂಪಾಗಿ ತುದಿ ಮುರೀತದ.
ಕೊಳ್ಳು, ಹೆಗಲಿಂದು ಕಂಬಳಿಗೆ.
ಮರಿಯ ಜಾವಳಕ್ಕ ಬ್ಯಾರೆ ಬುಟ್ಟಿ,
ಅದನ್ನ ಮುಟ್ಟಬೇಕಾದ್ರ ಕೈ ತೊಳ್ಕೊ.

ಅಕಿ ಕಣ್ಣಿಗೆ ಪರೆ ಬಂದು ಎರಡು ವರ್ಷ.
ಆದ್ರೂ ನಾ ಒಂದು ಮುಳ್ಳು ತೆಗಿಯೂದ್ರಾಗ
ಅಕಿ ನಾಕು ತೆಗದು ಹೆಸರು ಹೇಳ್ತಾಳ.
ಉತ್ತರಾಣಿ: ನಮ್ಮ ಹಳ್ಳದ ದಂಡಿ.
ನೆಗ್ಗಲ ಮುಳ್ಳು: ಸಂಖದ ಮಡ್ಡಿ.
ಕುಸುಬಿ: ಮಂಗಳವೇಡಿ ಎರಿ ಹೊಲ,
ಅಲ್ಲೆ ಎರಡು ರಾತ್ರಿ ಹಿಂಡು ಕೂಡಿಸ್ಯಾನ.
ಆಮ್ಯಾಲ ಬೆರಳು ನಿಂತವು.
ಚೂರು ಏನೋ ನಾಲಿಗಿ ಮ್ಯಾಲ ಇಟ್ಕೊಂಡು ಕಡದ್ಲು.
"ಉಸುಕು. ಭೀಮಾ ಹೊಳಿದು.
ದಾಟಿಲ್ಲ ಅಂದಿದ್ದನಲ್ಲ ಇವ?"
ನಾ ಮುಳ್ಳು ಆರಸಕೋತ ಇದ್ದೆ.

ಹೊಳಿ ಆಚಿ ಮಾತು ಈ ಮನ್ಯಾಗ ಏಳು ವರ್ಷ ಆತು, ಇಲ್ಲ.
ಕಬ್ಬಿನ ಟ್ರ್ಯಾಕ್ಟರ್ ಹೊಡಿಯೂ ಬ್ಯಾರೆ ಮಂದಿ ಹುಡುಗನ ಕೂಡ
ಸತ್ಯವ್ವ ಹ್ವಾದ ದಿನ
ಅಕಿ ಉಣ್ಣೂ ಗಂಗಾಳ ಹಳ್ಳಕ್ಕ ಒಗದಿದ್ಲು ಅತ್ತಿ.
ಅದನ್ನ ಹುಡುಕಿ ತಂದು
ಕುರಿಗೆ ಹಿಂಡಿ ಕಲಸಾಕ ಇಟ್ಕೊಂಡಾಕಿನೂ ಅಕಿನ.

ಹೊತ್ತು ಇಳಿಯೂ ವ್ಯಾಳ್ಯಾಕ ದೊಡ್ಡ ಟಗರಿನ ಕೊಳ್ಳಿಂದು ಬಂತು.
ಅದರಾಗೊಂದು ಜಡಿ.
ಬೆರಳುದ್ದ, ಮೂರೆಳಿ, ಬಿಗಿ, ತುದಿಗೆ ಕೆಂಪು ದಾರ.
ಎಡದಿಂದ ಸುರು ಆಗೂ ಹೆಣಿಕಿ.
ಎಡಗೈಲೆ ಹೆಣಿಯೂಕಿ ಈ ಮನ್ಯಾಗ ಒಬ್ಬಾಕಿನ ಇದ್ಲು,
ಕೈಮ್ಯಾಲ ಎಷ್ಟು ಹೊಡದ್ರೂ ಬಿಟ್ಟಿರಲಿಲ್ಲ.
ಅದರ ಬಾಜೂಕ ಇನ್ನೊಂದು:
ಸಡಲು, ಅಡ್ಡಾದಿಡ್ಡಿ, ನಡುವ ಒಂದೆಳಿ ಮರತದ್ದು,
ಈಗಿನ್ನೂ ಕಲಿಯಾಕ ಹತ್ತಿದ ಸಣ್ಣ ಕೈದು.

"ಕಸ" ಅಂದ್ಲು ಅತ್ತಿ. ಒಗೀಲಿಲ್ಲ.
ಬಿಗಿ ಇದ್ದದ್ದನ್ನ ಎಳಿ ಎಳಿಯಾಗಿ ಬಿಚ್ಚಿದ್ಲು.
ಬಿಚ್ಚಿದ್ರೂ ಸುಕ್ಕು ಬಿಡಲಿಲ್ಲ ಆ ಕೂದಲ,
ಬಗ್ಗಿ ಬಗ್ಗಿ ಕುಂತವು.
ಹಿಂಜಿದ್ಲು, ಆಚಿ ಕಡೆ ಬೆಳಕು ಕಾಣೂತನಕ.
ಬಿಲ್ಲಿಗೆ ಕೊಡಲಿಲ್ಲ, ಬಿಲ್ಲು ಎಲ್ಲಾರನೂ ಒಂದ ಮಾಡತದ.
ಅಂಗೈಯಾಗ ಸುತ್ತಿ ಹಂಜಿ ಮಾಡಿದ್ಲು.
ಸಣ್ಣ ಕೈದನ್ನ ಹಂಗ ಒಯ್ದು
ಜಾವಳದ ಬುಟ್ಟ್ಯಾಗ ಇಟ್ಲು.
ಕೈ ತೊಳ್ಕೊಂಡ್ಲೋ ಇಲ್ಲೋ, ನಾ ನೋಡಲಿಲ್ಲ.

ರಾತ್ರಿ ಮಾಳಿಂಗ ರೊಟ್ಟಿ ಮುರಕೋತ ಕುಂತಿದ್ದ.
"ಹೊಳ್ಯಾಗ ನೀರೆಷ್ಟಿತ್ತೋ?"
"ಹೊಳಿ ಕಡೆ ನಾ ಹೋಗೇ ಇಲ್ಲಬೇ."
"ಹೌದ?"
ಗ್ವಾಡಿಗೆ ನಿಂತ ಬಿಲ್ಲಿನ ನರ ಒಂದ ಸಲ ಮೀಟಿದ್ಲು,
ಅದು ಗುಂಯ್ ಅಂದು ನಿಲ್ಲೂತನಕ ಕಾದ್ಲು.
"ಮುಂದಿನ ಸಲ ಹೋಗದಿದ್ದಾಗ
ಒಂದು ಕಂಬಳಿ ಒಯ್ಯಿ.
ಸಣ್ಣದು."

ಅವನ ಕೈ ಗಂಗಾಳದಾಗ ನಿಂತಿತು.
ನಾ ಬಲ್ಬಿನ ಕೆಳಗ ಜರದು ಕುಂತೆ.
ಉಡ್ಯಾಗಿನ ಉಣ್ಣ್ಯಾಗ ಇನ್ನೂ ಉತ್ತರಾಣಿ ಇದ್ದವು.