ಉಳಿದ ಮೂವತ್ತೊಂಬತ್ತು

ಡೆಂಕಣಿಕೋಟೆಯ ಕಲ್ಯಾಣ ಮಂಟಪಕ್ಕೆ
ಮದುವೆಯಿಲ್ಲದ ಭಾನುವಾರ.
ಊಟದ ಬೆಂಚುಗಳ ಮೇಲೆ ನೂರಾ ಹನ್ನೆರಡು ಹುಂಜ.
ನಿನ್ನೆಯ ಸಾಂಬಾರಿನ ವಾಸನೆ ಇನ್ನೂ ಗೋಡೆಗಿದೆ.
ಒಂದು ಕೂಗಿದರೆ ಮಿಕ್ಕವೆಲ್ಲ ಓಗೊಡುತ್ತವೆ,
ಮೈಕಿನಲ್ಲಿ ಕೂಗುವ ಕದಿರವೇಲುವಿಗೆ ಮಾತ್ರ
ಯಾರೂ ಓಗೊಡುವುದಿಲ್ಲ.

ನಾನು ತೀರ್ಪುಗಾರ.
ಮೂವತ್ತು ವರ್ಷ ದನದಾಸ್ಪತ್ರೆಯ ಕಾಂಪೌಂಡರ್,
ಈಗ ಎದೆಗೊಂದು ಗುಲಾಬಿ ರಿಬ್ಬನ್,
ಕೈಯಲ್ಲಿ ತಮಿಳಿನಲ್ಲಿ ಅಚ್ಚಾದ ಹಾಳೆ:
ಕೊಕ್ಕಿಗೆ ಇಪ್ಪತ್ತು, ಬಾಲಕ್ಕೆ ಇಪ್ಪತ್ತೈದು,
ಕಾಲಿಗೆ ಹದಿನೈದು, ಕಣ್ಣಿಗೆ ಹತ್ತು, ಜುಟ್ಟಿಗೆ ಹತ್ತು,
ಮಿಕ್ಕಿದ್ದು ನಿಲುವಿಗೆ.

ಕೊಕ್ಕು ಗಿಣಿಯದಾಗಿರಬೇಕು.
ಮೇಲಿನದು ಬಾಗಿ ಕೆಳಗಿನದನ್ನು ಮುಚ್ಚಬೇಕು,
ಸಾಲ ಕೇಳಲು ಬಂದವನೆದುರು
ಸಾಹುಕಾರನ ತುಟಿಯ ಹಾಗೆ.
ಕಣ್ಣು ಮುತ್ತಿನ ಬಿಳಿ.
ಕಾಲು ಸುಲಿದ ಬೆಳ್ಳುಳ್ಳಿಯ ಬಣ್ಣ.
ಬಾಲ ನೆಲಕ್ಕೆ ತಾಗಿಯೂ ತಾಗದೆ,
ನಡೆದರೆ ಹಿಂದೆ ಯಾರೋ ಎತ್ತಿಹಿಡಿದು ಬರುತ್ತಿರುವಂತೆ.

ಇಂಥ ಹುಂಜ ಎಲ್ಲೂ ಇಲ್ಲ.
ಹದಿನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ:
ಕೊಕ್ಕು ಒಮ್ಮೆ ಸೂಳಗಿರಿಯಲ್ಲಿ ಸಿಕ್ಕಿತು,
ಬಾಲ ದಿಂಡಿಗಲ್ಲಿನಿಂದ ಲಾರಿಯಲ್ಲಿ ಬಂತು,
ಆ ಕಣ್ಣು ಕಂಡದ್ದು ಬಾಗಲೂರಿನ ಒಂದು ಹೇಂಟೆಯಲ್ಲಿ.
ಹೇಂಟೆಗೆ ಸ್ಪರ್ಧೆಯಿಲ್ಲ.
ಹಾಳೆಯ ಮೇಲಿನ ಹುಂಜ
ಮೊಟ್ಟೆ ಒಡೆದು ಬಂದದ್ದಲ್ಲ,
ಯಾರ ತಿಪ್ಪೆಯನ್ನೂ ಕೆದಕಿದ್ದಲ್ಲ.
ಆದರೂ ನನ್ನದು ಅಂತ ಇರುವುದು ಅದೊಂದೇ.
ಕೆಲವು ರಾತ್ರಿ ಅದಕ್ಕೆ ಕಾಳು ಹಾಕಿದ ಹಾಗೆ ಕನಸು.

ಎಪ್ಪತ್ತೊಂದನೆಯದು ಪಂಜರವಲ್ಲ, ಪುಟ್ಟಿ.
ಮೇಲೆ ಹಳೇ ಸೀರೆಯ ತುಂಡು. ಪಕ್ಕದಲ್ಲಿ ಚೌಡಮ್ಮ,
ಬಳೆಯ ಸಂದಿಯಲ್ಲಿ ಮಡಿಸಿಟ್ಟ ಬಸ್ ಟಿಕೆಟ್ಟು.
“ಇನಂ?” ಎಂದೆ, ಹಾಳೆಯಲ್ಲಿದ್ದಂತೆ.
“ಇನಾಮು ನೀವು ಕೊಟ್ಟರೆ ತಾನೇ?”
“ಅದಲ್ಲಮ್ಮ. ತಳಿ. ತಳಿ ಯಾವುದು?”
“ತಳಿಯೇ ಸಾರ್. ಬಸ್ ಸ್ಟ್ಯಾಂಡಿನ ಹಿಂದೆ,
ಹಿಟ್ಟಿನ ಗಿರಣಿ ಸಂದಿ.”

ನಾನು ನಗಲಿಲ್ಲ. ರಿಬ್ಬನ್ ಕಟ್ಟಿಕೊಂಡು ನಗುವ ಹಾಗಿಲ್ಲ.
ಹುಂಜವನ್ನು ಎತ್ತಿಕೊಂಡೆ.
ಎದೆಮೂಳೆ ನೆಟ್ಟಗೆ. ರೆಕ್ಕೆಯಡಿ ಹೇನಿಲ್ಲ,
ಬೇವಿನೆಣ್ಣೆಯ ವಾಸನೆ.
ಕೊಕ್ಕು ಮುಕ್ಕಾಲು ಗಿಣಿ, ಕಾಲು ಕಾಗೆ.
ಬಾಲದ ಗರಿಯೊಂದನ್ನು ಮೆಲ್ಲಗೆ ಎಳೆದೆ.
ಅಂಟಿಸಿದ ಗರಿ ಕೈಗೇ ಬರುತ್ತದೆ,
ಬೆಳಿಗ್ಗೆಯಿಂದ ಬಂದ ಮೂರು ಜೇಬಿನಲ್ಲಿವೆ.
ಇದು ಬರಲಿಲ್ಲ.
ಹುಂಜ ತಿರುಗಿ ನನ್ನ ಮುಂಗೈ ಕುಕ್ಕಿತು.
ಕಾಲು ಮಾತ್ರ ಹಳದಿ. ಹಬ್ಬದ ಹೊಸಿಲಿನ ಹಳದಿ.

ಅರವತ್ತೊಂದು ಎಂದು ಬರೆದೆ.
“ನೂರಕ್ಕಾ?”
“ನೂರಕ್ಕೆ.”
“ಉಳಿದ ಮೂವತ್ತೊಂಬತ್ತು ಎಲ್ಲಿ ಹೋಯಿತು?”

ಕಾಲಿನಲ್ಲಿ ಹನ್ನೆರಡು, ಬಾಲದಲ್ಲಿ ಹದಿಮೂರು,
ಕೊಕ್ಕಿನಲ್ಲಿ ಆರು, ಕಣ್ಣು ಜುಟ್ಟು ಸೇರಿ ಎಂಟು,
ಒಪ್ಪಿಸಿದೆ ಸೊಸೈಟಿಯ ಗುಮಾಸ್ತನ ಹಾಗೆ.
ಅವಳು ಹುಂಜದ ಕಾಲೆತ್ತಿ ನೋಡಿದಳು.
ಹಾಲು ಕಮ್ಮಿ ಅಳೆದವನನ್ನು ನೋಡುವಂತೆ
ನನ್ನನ್ನು ನೋಡಿದಳು.
“ಮುಸುಕಿನ ಜೋಳ ತಿಂದ ಕಾಲು ಹಳದಿಯಾಗದೆ
ಇನ್ನೇನಾಗುತ್ತೆ? ಎಲ್ಲಕ್ಕಿಂತ ಮೇಲಿರೋದಕ್ಕೆ ಎಷ್ಟು?”
“ಬಷೀರನ ಹುಂಜ. ತೊಂಬತ್ತೆರಡು.”
“ಹಾಗಾದರೆ ಅದೂ ಎಂಟು ಬಾಕಿ” ಎಂದು
ಪುಟ್ಟಿಗೆ ಸೀರೆ ಮುಚ್ಚಿದಳು.
ಬಹುಮಾನಕ್ಕೆ ನಿಲ್ಲಲಿಲ್ಲ. ಮೂರೂವರೆಯ ಬಸ್ಸು.

ಸಂಜೆ ಹಾಳೆಗಳ ಅಂಕ ಕೂಡಿಸುತ್ತಿದ್ದ ಕದಿರವೇಲು
ಎಪ್ಪತ್ತೊಂದರಲ್ಲಿ ನಿಂತ.
ಇನಂ ಎಂಬುದರ ಮುಂದೆ, ತಮಿಳಿನ ನಡುವೆ,
ನನ್ನ ಕೈಬರಹದ ಎರಡು ಕನ್ನಡ ಅಕ್ಷರ.
ಯಾವಾಗ ಬರೆದೆನೋ. ಊರೆಂದೋ,
ಉತ್ತರವೆಂದೋ, ಕೇಳಿದ್ದನ್ನೇ ಮತ್ತೆ ಬರೆದೆನೋ.
“ಇದೇನು ಸಾರ್, ಕೋಳಿ ಕೆದಕಿದ ಹಾಗಿದೆ.”
ಕೆಟ್ಟ ಅಕ್ಷರಕ್ಕೆ ಅವನ ಭಾಷೆಯಲ್ಲಿ ಹಾಗನ್ನುತ್ತಾರೆ.
ನಮ್ಮಲ್ಲಿ ಕಾಗೆ ಕಾಲು, ಗುಬ್ಬಿ ಕಾಲು.

ಕೋಳಿಯದೇ, ಎಂದೆ.
ಕಾಲು ಹಳದಿ.