ಬ್ರೇಕಿಲ್ಲದ ದೋಣಿ

ಬಲಕ್ಕೆ ಹೋಗಬೇಕೆ? ಚುಕ್ಕಾಣಿ ಎಡಕ್ಕೆ ತಳ್ಳು.
ಎಡಕ್ಕೆ ಬೇಕೆ? ಬಲಕ್ಕೆ.
ಅಷ್ಟೇ ವಿದ್ಯೆ, ಅಂದಳು ಥರ್ಜಾ,
ಮುರಿದ ಭುಜವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿಕೊಂಡು
ಕಲ್ಲಿದ್ದಲ ಮೂಟೆಯ ಮೇಲೆ ಪಟ್ಟದರಸಿಯಂತೆ ಕೂತು.
ಉಳಿದದ್ದನ್ನು ನೀರು ಕಲಿಸುತ್ತೆ.

ಎಪ್ಪತ್ತಡಿ ಉದ್ದ, ಏಳೇ ಅಡಿ ಅಗಲ,
ಹೊಟ್ಟೆ ತುಂಬ ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಸಿಲಿಂಡರು.
ನವೆಂಬರಿನ ಬೆಳಗು. ಕಾಲುವೆಯ ಮೇಲೆ ಮಂಜು
ಕೆನೆ ಕಟ್ಟಿತ್ತು; ದೋಣಿಯ ಮೂತಿ
ಅದನ್ನು ಅತ್ತಿತ್ತ ಸರಿಸಿಕೊಂಡು ಹೊರಟಿತು.

ನಾನು ಡೆನ್ಜಿಲ್. ಇಪ್ಪತ್ತಾರು ವರ್ಷ
ಗಂಟೆಗೆ ನೂರಿಪ್ಪತ್ತೈದು ಮೈಲಿ ರೈಲು ಓಡಿಸಿದವನು.
ದಿನಕ್ಕೆರಡು ಸಲ ಸೇತುವೆಯ ಮೇಲಿಂದ
ಈ ಕಾಲುವೆಯನ್ನೂ ದಾಟಿದ್ದೇನೆ:
ಒಂದು ಕಂದು ಗೆರೆ,
ರೆಪ್ಪೆ ಬಡಿದರೆ ಇಲ್ಲ.
ಇವತ್ತು ಆ ಗೆರೆಯೊಳಗೇ ಇದ್ದೇನೆ.
ದಂಡೆಯ ಮೇಲೆ ನಾಯಿ ಅಡ್ಡಾಡಿಸುತ್ತಿದ್ದ ಮುದುಕಿ
ನಮ್ಮನ್ನು ಹಿಂದೆ ಹಾಕಿ ಹೋದಳು.
ನಾಯಿಯೂ.
ಅದಕ್ಕೆ ಇದ್ದದ್ದು ಮೂರೇ ಕಾಲು.

ಮೊದಲ ಲಾಕು. ಕಲ್ಲಿನ ತೊಟ್ಟಿಯಲ್ಲಿ ದೋಣಿಯನ್ನಿಟ್ಟು
ಹಿಂದಿನ ಬಾಗಿಲು ಮುಚ್ಚಿ, ಹಲ್ಲುಚಕ್ರ ತಿರುವಿದೆ. ಕಟಕಟ.
ನೀರು ಇಳಿಯಿತು, ಜೊತೆಗೆ ಥರ್ಜಾ, ಕಲ್ಲಿದ್ದಲು,
ಚಾವಣಿಯ ಮೇಲಿನ ಕುಂಡದಲ್ಲಿ ಒಣಗಿದ ಪುದೀನ.
ಬೆವರುವ ಇಟ್ಟಿಗೆ, ಪಾಚಿ,
ಅವಳ ಪಾಲಿಗೆ ಆಕಾಶದ ಒಂದು ಉದ್ದನೆ ಚೂರು.
ನಾನು ಬಾಗಿಲಿಗೆ ಬೆನ್ನು ಕೊಟ್ಟು ನೂಕಿದೆ. ಅಲುಗಲಿಲ್ಲ.
ಮತ್ತೆ ನೂಕಿದೆ.
ಕೆಳಗಿನಿಂದ ಅವಳ ನಗು ಗುಂಯ್ಗುಟ್ಟಿತು.
ಎರಡೂ ಕಡೆ ನೀರು ಸಮವಾದ ಮೇಲೆ
ಮಗು ತಳ್ಳಿದರೂ ತೆರೆದುಕೊಳ್ಳುವ ಬಾಗಿಲು ಅದು.
ಆತುರಗಾರನಿಗೆ ಬುದ್ಧಿ ಮಟ್ಟ.
ಇಲ್ಲಿ ನೀರಿನ ಮಟ್ಟವೇ ಬುದ್ಧಿ.

ಪಾಮ್‌ಫ್ರೆಟ್ಟನ ದೋಣಿಗೆ ಎರಡು ಮೂಟೆ.
ಪಿಟೀಲು ರಿಪೇರಿಯ ಎಲೋವೆನ್‌ಗೆ ಒಂದು ಸಿಲಿಂಡರು,
ಅರ್ಧ ದುಡ್ಡು, ಅರ್ಧ ಸೇಬಿನ ಮುರಬ್ಬ.
ಹೊಗೆ ಕಾಣದ ಕೊಳವೆಯ ಹತ್ತಿರ ಬಂದಾಗಲೆಲ್ಲ
ಥರ್ಜಾ ಕೇಳದೆ ಒಂದು ಮೂಟೆ ಇಳಿಸು ಅನ್ನುತ್ತಾಳೆ,
ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾಳೆ.
ರಬ್ಬರು ಅವಳ ಜೇಬಿನಲ್ಲೇ ಇದೆ.

ಮಧ್ಯಾಹ್ನ, ಇಟ್ಟಿಗೆ ಸೇತುವೆಯ ಕತ್ತಿನಲ್ಲಿ ತಿರುವು.
ತಿರುಗಿದರೆ
ನೀರಿನ ನಟ್ಟನಡುವೆ ಅದೇ ನಾಯಿ,
ಬಾಯಲ್ಲಿ ಕೋಲು,
ಬಿಡಲೊಲ್ಲದು.
ನನ್ನ ಬಲಗೈ ಹೋಯಿತು,
ಯಾವಾಗಲೂ ಹೋಗುವ ಕಡೆಗೆ.
ಅಲ್ಲಿ ಏನಿದೆ? ಗಾಳಿ.
ಹಿಂದಕ್ಕೆ ಹಾಕು, ಅಂದಳು ಥರ್ಜಾ,
ಉಪ್ಪು ಕೊಡು ಅನ್ನುವ ದನಿಯಲ್ಲಿ.
ಹಾಕಿದೆ. ಎಂಜಿನ್ನು ಕೆಮ್ಮಿತು,
ತಳದ ಕೆಸರೆಲ್ಲ ಎದ್ದು ಬಂತು,
ದೋಣಿ ಒಂದಿಷ್ಟು ಹೊತ್ತು ಯೋಚಿಸಿತು,
ನಿಂತಿತು.

ನಾಯಿಗೂ ನಮಗೂ ನಡುವೆ ಎರಡು ಮೊಳ ನೀರು.
ಮುದುಕಿ ಅದರ ಪಟ್ಟಿ ಹಿಡಿದು ಮೇಲೆಳೆದು
ಅದನ್ನೇ ಬೈದಳು, ನಮ್ಮನ್ನಲ್ಲ.

ರೈಲಿಗೆ ಒಂದು ಮೈಲಿ ಬೇಕು.
ಆವತ್ತು ನನ್ನ ಹತ್ತಿರ ಇದ್ದದ್ದು ಕಾಲು ಮೈಲಿ,
ಮಾರ್ಚ್ ತಿಂಗಳ ಎಳೆ ಬಿಸಿಲು,
ಹಳಿಯ ಮೇಲೆ, ನನ್ನ ಕಡೆಗೇ ಮುಖ ಮಾಡಿ ನಿಂತವನ
ಹಳದಿ ಕೋಟು.
ನೀನು ಮಾಡಬೇಕಾದ್ದನ್ನೆಲ್ಲ ಮಾಡಿದೆ, ಅಂತ
ವರದಿಯಲ್ಲಿ ಬರೆದುಕೊಟ್ಟಿದ್ದಾರೆ. ಡ್ರಾಯರಿನಲ್ಲಿದೆ.

ಇದನ್ನೆಲ್ಲ ನಾನು ಥರ್ಜಾಗೆ ಹೇಳಲಿಲ್ಲ.
ಸೇತುವೆಯ ಕೆಳಗೆ ದೋಣಿ ಅಡ್ಡಡ್ಡ ತೇಲುತ್ತಿತ್ತು.
ಅವಳು ಒಂಟಿ ಕೈಯಲ್ಲಿ ಚಹಾ ಬಗ್ಗಿಸಿದಳು,
ಅರ್ಧ ಮೂಟೆಯ ಮೇಲೆ ಚೆಲ್ಲಿತು.
ಯಾರಿಗೂ ಏನೂ ಅವಸರವಿರಲಿಲ್ಲ.

ನಾಲ್ಕೂವರೆಗೆ ಕತ್ತಲು.
ಆಲ್ಡರ್ ಮರದ ಕೆಳಗೆ ಹಗ್ಗ ಬಿಗಿಯುತ್ತಿದ್ದಾಗ
ಮೇಲೆ, ಸೇತುವೆಯಲ್ಲಿ, ನನ್ನ ಹಳೆಯ ಐದೂ ಹನ್ನೆರಡರ ಗಾಡಿ:
ಬೆಳಕಿನ ಕಿಟಕಿಗಳ ಒಂದು ಗೀರು.
ಕೈ ಎತ್ತಿದೆ.
ಅಲ್ಲಿಂದ ಕಾಣುವುದಿಲ್ಲ, ನನಗೆ ಗೊತ್ತು.

ಗಂಟು ತಪ್ಪು, ಅಂದಳು ಥರ್ಜಾ. ಬಿಚ್ಚಿ ಹಾಕು.
ನಾಳೆ ಆರಕ್ಕೆ ಬಾ. ಆರೂವರೆ ಆದರೂ ಅಡ್ಡಿಯಿಲ್ಲ.